ಮೂರು ಸೆಂಟಿಮೀಟರ್ ತಗ್ಗಿದ ಕಾರು

"ಅಮ್ಮಾ, ಸಾಯಂಕಾಲ ಐದು ಗಂಟೆಗೆ ಸ್ಟೇಷನ್‌ಗೆ ಬಾ ಅಂದವ್ರೆ. ನನ್ನ ಹೆಸರಲ್ಲಿ ಕಂಪ್ಲೇಂಟ್ ಬರೀತಾರಂತೆ," ಅಂದ ಮುದಸ್ಸಿರ್. ಒಳಗೆ ಬಾ ಅಂದರೂ ಬರದೆ ಹೊಸಿಲಾಚೆಯೇ ನಿಂತಿದ್ದ.

ಹಲಸೂರಿನ ಆ ಮನೆಯ ಪಡಸಾಲೆಯಲ್ಲಿ ಶಾಂತಕುಮಾರಿ ಅವರೆಕಾಯಿ ಸುಲಿಯುತ್ತಿದ್ದಳು. ಬಸ್ ಡಿಪೋದ ಟೈರು ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಗಾಡಿ ಕೆಟ್ಟದ್ದು ಯಾರಿಂದ ಅನ್ನುವ ಜಗಳ ಎದ್ದರೆ ಸುತ್ತಿನ ಜನ 'ಶಾಂತಕ್ಕಾ' ಅಂತ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಹಾಗೆ ಬಂದಾಗಲೆಲ್ಲ ಅವಳ ಜೊತೆ ಹೋಗುವವನು ಮಹಡಿಯ ಮೇಲಿನ ಬಾಡಿಗೆದಾರ, ಆಟೋ ಓಡಿಸುವ ಸುಗತ. ಅವನು ಆಗಲೇ ಕಾಫಿ ಲೋಟ ಕೆಳಗಿಟ್ಟು ಚಪ್ಪಲಿ ಹುಡುಕತೊಡಗಿದ್ದ.

ಮುದಸ್ಸಿರ್ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಇಪ್ಪತ್ತೆರಡು ವರ್ಷದಿಂದ ಗಾಡಿ ಚಕ್ರಗಳ ಓರೆ ತಿದ್ದುವ ವೀಲ್ ಅಲೈನ್‌ಮೆಂಟ್ ಕೆಲಸ ಮಾಡುವವನು. ಆರು ವಾರದ ಹಿಂದೆ ಒಂದು ಶುಕ್ರವಾರ ಕಲ್ಯಾಣ ನಗರದ ಲಿಖಿತ್ ಹೊಸ ಟೈರು ಹಾಕಿಸಿ, ಚಂದಕ್ಕೆಂದು ಸ್ಪ್ರಿಂಗ್ ಬದಲಿಸಿ ಎತ್ತರ ತಗ್ಗಿಸಿದ ಕಾರನ್ನು ಅವನಲ್ಲಿಗೆ ತಂದಿದ್ದ. ಮೊನ್ನೆ ಸೋಮವಾರ ಲಿಖಿತ್‌ನ ಅಕ್ಕ ಮೋನಿಷಾ ಅದನ್ನು ಓಡಿಸಿಕೊಂಡು ಹೋಗುವಾಗ, ತುಂತುರು ಮಳೆಯ ರಿಂಗ್ ರೋಡಿನಲ್ಲಿ ಬ್ರೇಕ್ ಒತ್ತಿದ್ದೇ ಕಾರು ಒಂದು ಕಡೆಗೆ ಎಳೆದು, ಟೈರು ಸಿಡಿದು, ಡಿವೈಡರಿಗೆ ಬಡಿದಿತ್ತು. ಅವಳ ಹೆಗಲ ಮೂಳೆ ಮುರಿದಿತ್ತು. ನೋಡಿದರೆ ಮುಂದಿನ ಎರಡೂ ಟೈರಿನ ಒಳ ಅಂಚು ತಂತಿ ಕಾಣುವಷ್ಟು ಸವೆದಿತ್ತು. ಅಲೈನ್‌ಮೆಂಟ್ ತಪ್ಪಿದ್ದಕ್ಕೇ ಹೀಗಾಯಿತು ಅಂತ ಲಿಖಿತ್ ಸ್ಟೇಷನ್ನಿನಲ್ಲಿ ಹೇಳಿದ್ದ.

"ನೀನು ಮಾಡಿದ್ದು ಸರಿಯಿತ್ತೇನಪ್ಪ?" ಶಾಂತಕ್ಕ ಕೇಳಿದಳು.

ಅವನು ಮೆಷಿನ್ನಿನ ಚೀಟಿಯನ್ನೂ ಒಂದು ಕಾರ್ಡನ್ನೂ ತೆಗೆದ. "ಇಳಿಸಿದ ಗಾಡಿ ಬಂದ್ರೆ ಎತ್ತರ ಬರೀದೆ ಕೈ ಹಾಕಲ್ಲಮ್ಮ. ಚಕ್ರದ ನಡುಭಾಗದಿಂದ ಮಡ್‌ಗಾರ್ಡ್ ಅಂಚಿಗೆ ಮೂವತ್ತಾರು ಸೆಂಟಿಮೀಟರ್. ಕೆಳಗೆ ಲಿಖಿತ್ ಸೈನ್. ಓದ್ದೇನೇ ಹಾಕ್ದ. ಈಗ ಅಳೆದ್ರೆ ಮೂವತ್ಮೂರು. ಹೊಸ ಸ್ಪ್ರಿಂಗ್ ಭಾರಕ್ಕೆ ತಾನಾಗೇ ಕುಗ್ಗಿ ಕೂತಿದೆ ಅಂತಾನೆ. ಅಷ್ಟೋ ಇಷ್ಟೋ ಕೂರೋದೂ ನಿಜಾನೇ. ನಾನೇನು ಹೇಳ್ಲಿ?"

ಅವರೆಕಾಯಿ ಮೊರ ಪಕ್ಕಕ್ಕೆ ಸರಿಯಿತು.

ಮಧ್ಯಾಹ್ನ ಕಲ್ಯಾಣ ನಗರದ ಲಿಖಿತ್ ಮನೆಗೆ ಹೋದಾಗ ಗೇಟಿನೊಳಗೆ ಕಾರು ಮೂತಿ ಜಜ್ಜಿಕೊಂಡು ನಿಂತಿತ್ತು. ಲಿಖಿತ್ ಎದುರಿಗೇ ಬಂದ. "ನೋಡ್ಕೊಳ್ಳಿ ಮೇಡಂ, ಮುಚ್ಚಿಡೋಕೆ ಏನಿಲ್ಲ. ಆರು ವಾರದ ಹಿಂದೆ ಶುಕ್ರವಾರ ಸಂಜೆ ಇವ್ರ ಅಂಗಡಿಯಿಂದ ತಂದೆ. ಭಾನುವಾರ ಬೆಳಿಗ್ಗೆ ಕಾರ್ ಶೋಗೆ ಹೊರಡೋವರೆಗೂ ಗೇಟ್ ದಾಟಿಲ್ಲ. ಕೀ ನನ್ನ ಜೇಬಲ್ಲೇ ಇತ್ತು."

ಶಾಂತಕ್ಕ ಚಕ್ರದ ಪಕ್ಕ ಕೂತು, ಎತ್ತಿನ ಗೊರಸು ನೋಡುವವಳ ಹಾಗೆ ಸಿಡಿಯದೆ ಉಳಿದ ಟೈರಿನ ಮೇಲೆ ಅಂಗೈ ಆಡಿಸಿದಳು. ಆಮೇಲೆ ಸುಗತನ ಅಂಗೈಯನ್ನೂ ಟೈರಿನ ಮೇಲೆ ಅಡ್ಡಲಾಗಿ ಎಳೆಸಿದಳು. ಒಳಗಿನಿಂದ ಹೊರಕ್ಕೆ ನುಣುಪು. ಹೊರಗಿನಿಂದ ಒಳಕ್ಕೆ ಗರಗಸದ ಹಲ್ಲಿನ ಹಾಗೆ ಚುಚ್ಚಿತು. ಚಕ್ರ ಬಿಚ್ಚಿಸಿ ಒಳಗೆ ಟಾರ್ಚು ಬಿಟ್ಟಳು. ಸ್ಪ್ರಿಂಗನ್ನು ಹೊತ್ತ ಕಬ್ಬಿಣದ ಬಳೆಯ ಅಂಚು ಉಳಿ ಬಡಿದ ಹಾಗೆ ಚಕ್ಕೆಚಕ್ಕೆ ಎದ್ದಿತ್ತು. ಅದಕ್ಕಿಂತ ಮೇಲೆ, ಮಣ್ಣು ಮೆತ್ತಿದ ತಿರುಪಿನ ಗೀರುಗಳ ನಡುವೆ, ಬಳೆಯಷ್ಟೇ ಅಗಲದ ಒಂದು ಪಟ್ಟಿ ಮಾತ್ರ ಕಡಿಮೆ ಮಾಸಿತ್ತು.

"ಈ ಸ್ಪ್ರಿಂಗ್ ಹಾಕಿದ್ದು ಯಾರು?"

"ನನ್ ಫ್ರೆಂಡ್ ಸೂರ್ಯ," ಅಂದ ಲಿಖಿತ್. "ಇಂದಿರಾನಗರದಲ್ಲಿ ಅದೇ ಕೆಲ್ಸ ಅವಂದು."

ಸುಗತ ಅವಳ ಕಿವಿಯ ಹತ್ತಿರ ಬಗ್ಗಿದ. "ಸಿಕ್ಕನಲ್ಲ ಅಕ್ಕಾ. ಸೂರ್ಯನೇ ಆಮೇಲೆ ಬಂದು ಇಳಿಸವ್ನೆ."

"ಬಾಯಿ ಇಳಿಸು ನೀನು. ಆ ಹುಡುಗನ್ನ ಕರೆಸು. ಹಾಗೇ ಆ ಭಾನುವಾರದ ಶೋ ಫೋಟೋ ಇವ್ನು ಎಲ್ಲಾದ್ರೂ ಹಾಕಿದ್ರೆ ನಿನ್ನ ಫೋನಲ್ಲಿ ಹುಡುಕು."

ನಾಲ್ಕು ಗಂಟೆಗೆ ಎಲ್ಲರೂ ಗೇಟಿನ ಹತ್ತಿರ ಸೇರಿದರು. ಮೋನಿಷಾ ಕೈಯನ್ನು ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ತೂಗುಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಸೂರ್ಯ ಬರುವಾಗಲೇ ಮುಖ ಗಂಟಿಕ್ಕಿದ್ದ.

"ಗಾಡಿ ತಗ್ಗಿದರೆ ಚಕ್ರದ ತಲೆ ಒಳಕ್ಕೆ ವಾಲುತ್ತೆ," ಶಾಂತಕ್ಕ ಶುರುಮಾಡಿದಳು. "ಬರೀ ವಾಲಿದ್ರೆ ಟೈರು ನಿಧಾನಕ್ಕೆ ಸವೆಯುತ್ತೆ. ಆದ್ರೆ ಈ ಗಾಡೀಲಿ ಚಕ್ರಗಳ ಮೂತೀನೂ ಹೊರಕ್ಕೆ ತಿರುಗಿವೆ. ಆಗ ಟೈರು ಉರುಳೋದ್ರ ಜೊತೆ ರಸ್ತೆಗೆ ಅಡ್ಡಡ್ಡ ಉಜ್ಜುತ್ತೆ, ತುರಿಮಣೆ ಮೇಲೆ ಕಾಯಿ ಉಜ್ಜಿದ ಹಾಗೆ. ಅಂಗೈಗೆ ಚುಚ್ಚಿದ ಹಲ್ಲು ಅದರದ್ದೇ. ಆರು ವಾರ ಸಾಕು. ಒದ್ದೆ ರೋಡಲ್ಲಿ ಬ್ರೇಕ್ ಹಾಕಿದ್ರೆ ಹಿಡಿತ ಎಲ್ಲಿಂದ ಬರ್ಬೇಕು?"

"ಅದನ್ನೇ ನಾನೂ ಹೇಳೋದು, ಅಲೈನ್‌ಮೆಂಟ್ ತಪ್ಪು," ಅಂದ ಲಿಖಿತ್.

"ಮೂವತ್ತಾರಕ್ಕೆ ಸರಿಯಿತ್ತು. ಆಮೇಲೆ ಎತ್ತರ ಬದಲಾದ್ರೆ ಆ ಲೆಕ್ಕ ಅಲ್ಲಿಗೇ ಸತ್ತುಹೋಯ್ತು. ಸ್ಪ್ರಿಂಗ್ ತಾನಾಗಿ ಕೂತಿದ್ರೆ ಬಳೆ ಜಾಗ ಬಿಡ್ತಿರಲಿಲ್ಲ. ಬಳೆ ಮೊದಲು ಕೂತಿದ್ದ ಗುರುತು ಮೇಲೆ ತಿರುಪಿನ ಗೀರುಗಳಲ್ಲಿ ಹಾಗೇ ಇದೆ. ಯಾರೋ ಬಳೆ ತಿರುಗಿಸಿ ಗಾಡಿ ಇಳಿಸವ್ರೆ."

ಎಲ್ಲರೂ ಸೂರ್ಯನ ಕಡೆ ನೋಡಿದರು. ಸುಗತನಂತೂ ಗೇಟಿಗೆ ಅಡ್ಡ ನಿಂತ.

"ಸೂರ್ಯ, ಬಳೆ ತಿರುಗಿಸೋದಕ್ಕೆ ಏನು ಬೇಕು?"

"ಕೊಕ್ಕೆ ಸ್ಪ್ಯಾನರ್ ಆಂಟಿ. ನನ್ ಹತ್ರ ಮೂರಿವೆ. ಮುದಸ್ಸಿರ್ ಭಾಯ್ ಹತ್ರಾನೂ ಇದೆ."

"ಸ್ಪ್ಯಾನರ್ ಇರೋನು ಬಳೆಗೆ ಉಳಿ ಇಟ್ಟು ಸುತ್ತಿಗೇಲಿ ಯಾಕಪ್ಪ ಬಡೀತಾನೆ? ಇದು ಸ್ಪ್ಯಾನರ್ ಇಲ್ಲದೋನ ಕೆಲಸ. ಸುಗತ, ಫೋಟೋ ತೋರ್ಸು."

ಆ ಭಾನುವಾರ ಬೆಳಿಗ್ಗೆ ಶೋಗೆ ಹೊರಡುವಾಗ ಲಿಖಿತ್ ತಾನೇ ನೆಟ್ಟಿನಲ್ಲಿ ಹಾಕಿದ್ದ ಫೋಟೋ. ಟೈರಿನ ನೆತ್ತಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ತೂರುವಷ್ಟೂ ಸಂದಿರಲಿಲ್ಲ. ಎದುರಿಗೆ ನಿಂತ ಕಾರಿನಲ್ಲೂ ಹಾಗೇ ಇತ್ತು.

"ಶುಕ್ರವಾರ ಸಂಜೆ ಮೂವತ್ತಾರು. ಭಾನುವಾರ ಬೆಳಿಗ್ಗೆ ಮೂವತ್ಮೂರು. ನಡುವೆ ಗಾಡಿ ಈ ಗೇಟು ದಾಟಿಲ್ಲ, ಕೀ ನಿನ್ನ ಜೇಬಲ್ಲಿತ್ತು. ಮಧ್ಯಾಹ್ನ ನೀನೇ ಹೇಳಿದ್ದು, ಮಗಾ."

ಲಿಖಿತ್ ನೆಲ ನೋಡುತ್ತ ನಿಂತ. "ಶೋನಲ್ಲಿ ಎಲ್ರದ್ದೂ ನೆಲಕ್ಕೆ ತಾಗೋ ಹಾಗಿರುತ್ತೆ. ಮೂರು ಸೆಂಟಿಮೀಟರಿಗೆ ಏನಾಗುತ್ತೆ ಅಂದ್ಕೊಂಡೆ," ಅಂದ. ಆಮೇಲೆ, "ಅಕ್ಕನಿಗೆ ಏಟಾದ್ಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

"ಇವ್ರ ಹೆಸರು ಹೇಳೋಕೆ ಬಂತಲ್ಲ," ಅಂದಳು ಮೋನಿಷಾ. ದನಿ ಏರಿಸಲಿಲ್ಲ. "ಸ್ಟೀರಿಂಗ್ ಎಳೀತಿದೆ ಕಣೋ ಅಂತ ಎರಡು ಸಲ ಅಂದೆ. 'ನಿನ್ ಡ್ರೈವಿಂಗೇ ಹಾಗೆ ಅಕ್ಕಾ' ಅಂತ ನೀನು ನಕ್ಕೆ." ಕುರ್ಚಿಯ ಕೈ ಹಿಡಿದು ಎದ್ದಳು. "ನಡಿ ಸ್ಟೇಷನ್‌ಗೆ. ಇಲ್ಲಿ ಹೇಳಿದ್ದನ್ನ ಅಲ್ಲೂ ಹೇಳು."

"ಸ್ಟೇಷನ್ನೋರು ಕಂಪ್ಲೇಂಟ್ ಇನ್ನೂ ಬರೆದಿಲ್ಲ ಅಕ್ಕಾ. ಬೇಡ ಅಂತ ಫೋನ್ ಮಾಡಿದ್ರೆ ಮುಗೀತು."

"ಯಾರಿಗೆ ಮುಗೀತು?"

ಮುದಸ್ಸಿರ್ ಮೆಲ್ಲಗೆ, "ಇರ್ಲಿ ಬಿಡಿ ಮೇಡಂ, ನನ್ನ ಬಿಟ್ರಲ್ಲ, ಸಾಕು," ಅಂದ.

"ನಿಮಗೆ ಸಾಕು ಭಾಯ್. ನನಗೆ ಸಾಲದು."

ಸುಗತ ಗೇಟು ತೆರೆದು ಆಟೋ ಸ್ಟಾರ್ಟ್ ಮಾಡಿದ. ಮೋನಿಷಾ ಮುರಿದ ಹೆಗಲಿಗೆ ತಾಗದ ಹಾಗೆ ಒಂದು ಬದಿಗೆ ಸರಿದು ಕೂತು, ಪಕ್ಕದ ಜಾಗವನ್ನು ಕಣ್ಣಲ್ಲೇ ತೋರಿಸಿದಳು. ಲಿಖಿತ್ ಒಂದು ಗಳಿಗೆ ನಿಂತಿದ್ದು, ಆಮೇಲೆ ತಲೆ ಬಗ್ಗಿಸಿ ಹತ್ತಿದ.