ಅಂಜೂರದ ಗಿಡದಲ್ಲಿ ಕೆಂಪು ಕ್ಲಿಪ್ಪು

"ಝೂಮ್ ಮಾಡೇ, ಇನ್ನೂ ಝೂಮ್ ಮಾಡು!" ಅಣ್ಣ ಸಾಸಿವೆಯ ಭುಜದ ಮೇಲೆ ಗದ್ದ ಊರಿಕೊಂಡು ಕೂಗಿದ.

ಸಾಸಿವೆ ಅವನ ತಂಗಿ. ಒಂದು ಕಡೆ ನಿಲ್ಲದೆ ಚಟಪಟ ಸಿಡಿಯುತ್ತಾಳೆಂದು ತಾತ ಇಟ್ಟ ಹೆಸರು ಅದು. ಅವಳು ಅಮ್ಮನ ಫೋನಿನ ಮೇಲೆ ಎರಡು ಬೆರಳು ಇಟ್ಟು ಫೋಟೊ ಹಿಗ್ಗಿಸಿದಳು. ಗೂಡಿನೊಳಗೆ ಮೂರು ಮರಿಗಳು. ಮೈಮೇಲೆ ಇನ್ನೂ ಗರಿಯಿಲ್ಲ. ಮೂರೂ ಬಾಯಿ ಅಗಲಿಸಿಕೊಂಡಿದ್ದವು.

"ಅಬ್ಬಬ್ಬಾ, ನಾಲಿಗೆ ಕೂಡ ಕಾಣ್ತಿದೆ! ನೀನೇ ತೆಗ್ದಿದ್ದಾ?"

"ಇಲ್ಲ, ನಿಮ್ಮಜ್ಜಿ ಬಂದು ತೆಗೆದ್ರು."

"ಅವನ ಅಜ್ಜಿ ನಿನಗೂ ಅಜ್ಜೀನೇ ಕಣಮ್ಮಾ," ಎಂದು ತಾತ ಆರಾಮಕುರ್ಚಿಯಿಂದಲೇ ನಕ್ಕರು.

ಮನೆಯ ಸುತ್ತಮುತ್ತ ಇರುವ ಪ್ರಾಣಿ ಪಕ್ಷಿಗಳ ಫೋಟೊ ತೆಗೆದು ತನ್ನಿ ಎಂದು ಟೀಚರ್ ಹೇಳಿ ಕಳಿಸಿದ್ದರು. ಬೇಸಿಗೆ ರಜೆ ಮುಗಿದ ಮೇಲೆ ಎಲ್ಲಕ್ಕಿಂತ ಚೆಂದದ ಒಂದೇ ಒಂದು ಫೋಟೊ ಶಾಲೆಯ ಬಾಗಿಲಲ್ಲಿ ದೊಡ್ಡದಾಗಿ ನಿಲ್ಲುತ್ತದೆ. ಇಷ್ಟು ದಿನ ಸಾಸಿವೆಗೆ ಸಿಕ್ಕಿದ್ದು ಅಳಿಲಿನ ಬರೀ ಬಾಲ, ಚಿಟ್ಟೆ ಹಾರಿಹೋದ ಮೇಲಿನ ಖಾಲಿ ಹೂವು. ಇವತ್ತು ಈ ಗೂಡು!

ತಾತ ಕನ್ನಡಕ ಏರಿಸಿಕೊಂಡು ನೋಡಿದರು. "ಇಷ್ಟು ಬೆಳಕು ಎಲ್ಲಿಂದ ಬಂತು? ಅಂಗಳದ ಆ ಅಂಜೂರದ ಗಿಡದೊಳಗೆ ಹಾಡುಹಗಲೂ ಕತ್ತಲೆ."

"ಅದು ನನ್ನ ಟ್ರಿಕ್ಕು ತಾತ!"

ಅಷ್ಟರಲ್ಲಿ ಮಹಡಿಯ ಮೇಲಿಂದ ಅಮ್ಮನ ಕೂಗು ಕೇಳಿತು. "ಯಾರ್ರೋ ಹಗ್ಗದ ಮೇಲಿನ ಕ್ಲಿಪ್ಪು ತೆಗೆದಿದ್ದು? ಅಪ್ಪನ ಶರ್ಟು ಹಾರಿ ಪಕ್ಕದ ಮನೆ ನಾಯಿ ಮೇಲೆ ಬಿದ್ದಿದೆ! ಅದು ಹಾಕ್ಕೊಂಡೇ ಓಡಾಡ್ತಿದೆ!"

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಸಿವೆ ನಗಲಿಲ್ಲ.

ಕ್ಲಿಪ್ಪು!

ಬೆಳಿಗ್ಗೆ ಗೂಡಿನ ಮೇಲೆ ದೊಡ್ಡ ಎಲೆಗಳು ಕವುಚಿಕೊಂಡಿದ್ದವು. ಅವನ್ನು ಪಕ್ಕಕ್ಕೆ ಎಳೆದು, ಕೆಂಪು ಕ್ಲಿಪ್ಪಿನಿಂದ ಕೊಂಬೆಗೆ ಸಿಕ್ಕಿಸಿದ್ದಳು. ಎಲೆ ಅಲುಗಿದ ಸದ್ದಿಗೆ ಅಮ್ಮನೇ ಬಂದಳೆಂದು ಮರಿಗಳು ಬಾಯಿ ತೆರೆದಿದ್ದವು. ಕ್ಲಿಕ್! ಆಮೇಲೆ ಎಲ್ಲರಿಗೂ ತೋರಿಸುವ ಆತುರದಲ್ಲಿ ಒಳಗೆ ಓಡಿ ಬಂದಿದ್ದಳು. ಹೊರಗೆ ಹೋಗಿದ್ದ ಅಣ್ಣ, ತಾತ ಬರುವವರೆಗೂ ಫೋನ್ ಹಿಡಿದು ಕಾದಿದ್ದಳು.

ಈಗ ಸೂರ್ಯ ನೆತ್ತಿಯ ಮೇಲಿದ್ದ.

ಚಪ್ಪಲಿ ಹಾಕದೆ ಅಂಗಳಕ್ಕೆ ಓಡಿದಳು. ಸಿಮೆಂಟು ಕಾದ ಕಾವಲಿಯಂತೆ ಕಾಲು ಸುಟ್ಟಿತು. ಗಿಡದ ಹತ್ತಿರ ಹೋದವಳು ಗಕ್ಕನೆ ನಿಂತಳು.

ತಾಯಿಹಕ್ಕಿ ಗೂಡಿನ ಅಂಚಿನಲ್ಲಿ ನಿಂತಿತ್ತು. ಎರಡೂ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದಿತ್ತು. ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತಿತ್ತು. ಸಾಸಿವೆಯನ್ನು ಕಂಡರೂ ಹಾರಲಿಲ್ಲ.

ಸಾಸಿವೆ ಕ್ಲಿಪ್ಪು ತೆಗೆದಳು. ಅದೂ ಸುಡುತ್ತಿತ್ತು. ಆದರೆ ಎಲೆಗಳು ಮೊದಲಿನಂತೆ ಬಂದು ಮುಚ್ಚಲಿಲ್ಲ. ಬಾಡಿ ಜೋತುಬಿದ್ದಿದ್ದವು.

"ಅಣ್ಣಾ! ಕೊಡೆ! ತಾತನ ಕೊಡೆ ತಾರೋ!"

ಅವಳ ಮುಖ ನೋಡಿ ಅಣ್ಣ ಏನೂ ಕೇಳದೆ ಓಡಿದ. ಇಬ್ಬರೂ ಸದ್ದು ಮಾಡದೆ ಕೊಡೆಯನ್ನು ಮೇಲಿನ ಕೊಂಬೆಗೆ ಕಟ್ಟಿದರು. ಗೂಡಿನ ಮೇಲೆ ನೆರಳು ಬಿತ್ತು. ಒಳಗೆ ಬಂದು ಕಿಟಕಿಯಿಂದ ನೋಡುತ್ತಾ ನಿಂತರು.

ಬಹಳ ಹೊತ್ತಾದ ಮೇಲೆ ತಾಯಿಹಕ್ಕಿ ರೆಕ್ಕೆ ಮಡಚಿತು. ಹಾರಿ ಹೋಯಿತು. ಕೊಕ್ಕಿನಲ್ಲಿ ಹುಳು ಹಿಡಿದು ಮರಳಿತು.

ಒಂದು ಬಾಯಿ ಮೇಲೆದ್ದಿತು. ಇನ್ನೊಂದು ಎದ್ದಿತು.

ಸಾಸಿವೆ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡಳು. ತಾಯಿಹಕ್ಕಿ ಮತ್ತೆ ಹೋಯಿತು, ಮತ್ತೆ ಬಂತು. ಎದ್ದಿದ್ದು ಅದೇ ಎರಡು ಬಾಯಿ.

"ಇನ್ನೊಂದು ನಿದ್ದೆ ಮಾಡ್ತಿರಬಹುದು," ಎಂದ ಅಣ್ಣ.

ತಾತ ಎದ್ದು ಬಂದರು. ಅವಳ ತಲೆಯ ಮೇಲೆ ಕೈ ಇಟ್ಟರು.

ಸಂಜೆ ಅಮ್ಮ ಫೋನ್ ನೋಡುತ್ತಾ, "ಎಷ್ಟು ಚೆನ್ನಾಗಿದೆಯೇ! ಟೀಚರ್‌ಗೆ ಈಗಲೇ ಕಳಿಸಿಬಿಡ್ಲಾ?" ಎಂದಳು.

ಸಾಸಿವೆ ಫೋಟೊ ನೋಡಿದಳು. ತೆರೆದ ಮೂರು ಬಾಯಿ. ಮೇಲಿನ ಮೂಲೆಯಲ್ಲಿ ಚೂರೇ ಚೂರು ಕೆಂಪು. ಮಧ್ಯಾಹ್ನ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಬೇಡಮ್ಮ."

ಅವಳು ಫೋನ್ ತೆಗೆದುಕೊಂಡು ಕಿಟಕಿಯ ಬಳಿ ಹೋದಳು. ಅಲ್ಲಿಂದಲೇ ಒಂದು ಫೋಟೊ ತೆಗೆದಳು.

ಅಣ್ಣ ಇಣುಕಿ ನೋಡಿದ. "ಇದೇನೇ ಇದು? ಬರೀ ಕೊಡೆ, ಎಲೆ! ಹಕ್ಕಿ ಎಲ್ಲಿದೆ?"

"ಮೆಲ್ಲಗೆ ಮಾತಾಡೋ," ಎಂದಳು ಸಾಸಿವೆ. "ಒಳಗಿವೆ."