ಗೊರೇಬಾಳದಲ್ಲಿ ಓಡಿಸದ ರೀಲು

ಇದನ್ನು ನಂಬಿ ಎಂದು ನಾನು ಯಾರ ಕಾಲೂ ಹಿಡಿಯುವುದಿಲ್ಲ. ಗೊರೇಬಾಳದ ಟೆಂಟ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು ನಾನು. ಟೆಂಟು ಇದ್ದ ಜಾಗದಲ್ಲಿ ಈಗ ಭತ್ತದ ಗೋದಾಮಿದೆ, ಅದಕ್ಕೆ ನಾನೇ ವಾಚ್‌ಮನ್. ಅಲ್ಲಿ ಹಮಾಲಿ ಮಾಡುವ ವಿರೇಶನದು ದಿನಾ ಊಟದ ಹೊತ್ತಿಗೆ ಒಂದೇ ವಾದ: ದೆವ್ವದ ಸಿನಿಮಾ ಅಂದರೆ ಈಗಿನ ಕಾಲದವೇ.

"ಕಾಕಾ, ನೀವು ಓಡಿಸಿದ ಹಳೇ ಪಿಚ್ಚರ್‌ಗಿಂತ ಅದರ ರೀಮೇಕೇ ಚಲೋ ಐತ್ರೀ. ಕಡೀಗೆ ಬಾಗಲಾ ತೆಗೀತಾರ, ದೆವ್ವ ಹೊರಗ ಹೋಗತೈತಿ. ಏನ್ ಸೀನ್ ರೀ ಅದು!"

"ಹಳೇದ್ರಾಗೂ ಅದ ಐತಲೇ! ಎಷ್ಟು ಸಲ ಹೇಳ್ಬೇಕು ನಿನಗ?" ನನಗೆ ತಲೆ ಚಿಟ್ಟು ಹಿಡಿದಿತ್ತು.

ಕಸ ಗುಡಿಸುತ್ತಿದ್ದ ಆದಮ್ಮ ನಡುವೆ ಬಾಯಿ ಹಾಕಿದಳು. "ಎಲ್ಲೈತ್ರೀ ಅಣ್ಣಾರ? ನಾ ಇದ ಟೆಂಟಿನ್ಯಾಗ ಮೂರು ಸಲ ನೋಡೀನಿ. ಆ ದೆವ್ವ ಒಳಗಿಂದ ಬಾಗಲಿಗೆ ಕೈಯಾಗಿನ ಬಳಿ ಬಡೀತಿತ್ತು, ಅಷ್ಟರಾಗ ಪಿಚ್ಚರ್ ಮುಗೀತಿತ್ತು."

ಜನರಿಗೆ ಸಿಂಧನೂರಿನ ಕೊನೆಯ ಬಸ್ಸು ಸಿಗಲಿ ಎಂದು ಆ ಚಿತ್ರದ ಬಾಗಿಲು ತೆಗೆಯುವ ಸೀನಿದ್ದ ಕೊನೆಯ ರೀಲನ್ನು ನಾನು ಒಂದು ದಿನವೂ ಓಡಿಸಿರಲಿಲ್ಲ.

ಅಷ್ಟರಲ್ಲೇ ಒಂದು ಸದ್ದು ಕೇಳಿಸಿತು. ಹಲಗೆಗೆ ಗಾಜಿನ ಬಳೆ ಬಡಿದ ಹಾಗೆ, ಮೂರು ಸಲ, ಮಟಮಟ ಮಧ್ಯಾಹ್ನದಲ್ಲಿ. ವಿರೇಶ ಮೊಬೈಲ್ ತೆಗೆದು ನೋಡಿದ; ಅದು ಆಫ್ ಆಗಿತ್ತು. ಸದ್ದು ಬಂದ ಗೋಡೆಗೆ ಕೈಯಿಟ್ಟೆ. ಮೇ ತಿಂಗಳ ಬಿಸಿಲಿನಲ್ಲೂ ನೀರಿನ ಮಡಕೆಯಷ್ಟು ತಣ್ಣಗಿತ್ತು.

"ಇಲ್ಲೆಲ್ಲಿ ಬಾಗಲಾ ಐತ್ರೀ? ಬರೇ ಇಟ್ಟಂಗಿ ಗ್ವಾಡಿ," ಎಂದ ವಿರೇಶ.

ಆದಮ್ಮ ಕಸಬರಿಗೆ ಕೆಳಗಿಟ್ಟಳು.

"ಟೆಂಟಿನ ಹಲಗಿ ಬಾಗಲಾ ಇಲ್ಲೇ ಇತ್ತಲ್ರೀ ಅಣ್ಣಾರ. ಜನ ಎಲ್ಲಾ ಹೋದ ಮ್ಯಾಲೆ ನೀವ ಕೀಲಿ ಹಾಕತಿದ್ರಿ."