ದರ್ಜಿ ಲೈಸೆನ್ಸಿನ ಪ್ರಕರಣ

“ಅಕ್ಕ, ಆ ಅರ್ಜಿ ನಾನು ಬರೆದಿದ್ದಲ್ಲ. ಆಣೆ ಮಾಡಿ ಹೇಳ್ತೀನಿ.”

ದರ್ಜಿ ಮೇಜಿನ ಅಂಚು ಹಿಡಿದು ನಿಂತಾಗ ಗುಮಾಸ್ತೆ ಇನ್ನೂ ಕೈಚೀಲವನ್ನೇ ಕೆಳಗಿಟ್ಟಿರಲಿಲ್ಲ. ವಾರವಿಡೀ ನಿಜವಾದ ಲೈಸೆನ್ಸ್ ಕಚೇರಿಯಲ್ಲಿ ಜನರ ಗೋಳು ಕೇಳಿ ಹೈರಾಣಾದವಳು, ಶನಿವಾರ ಈ ಆಟದ ರಾಜ್ಯಕ್ಕೆ ಬಂದು ಮತ್ತೆ ಲೈಸೆನ್ಸ್ ಗುಮಾಸ್ತೆಯೇ ಆಗಿದ್ದಳು. ಬೇರೆ ಕೆಲಸ ಬರುವುದಿಲ್ಲ ಎಂದು ಮೊದಲ ದಿನವೇ ಬಾಯಿಬಿಟ್ಟಿದ್ದು ಅವಳದೇ ತಪ್ಪು.

ಗೋದಾಮಿನ ಮೇಲಿನ ಹಾಲಿನಲ್ಲಿ ನಲವತ್ತು ಜನ ಸೇರಿ ಶನಿವಾರ, ಭಾನುವಾರ ಮಧ್ಯಾಹ್ನ ನಡೆಸುತ್ತಿದ್ದ ರಾಜ್ಯ ಅದು. ಮಂತ್ರಿಗಳು, ಅಂಚೆ, ಅಂಗಡಿಬೀದಿ ಎಲ್ಲ ಇದ್ದವು. ಆಟ ಎಂದು ಯಾರಾದರೂ ಅಂದರೆ ಮಾತ್ರ ಎಲ್ಲರಿಗೂ ಸಿಟ್ಟು ಬರುತ್ತಿತ್ತು. ಲೈಸೆನ್ಸ್ ಇಲ್ಲದೆ ಅಂಗಡಿ ತೆರೆಯುವಂತಿಲ್ಲ. ಹೊಲಿಗೆಗೆ ಇಡೀ ರಾಜ್ಯಕ್ಕೆ ಒಂದೇ ಲೈಸೆನ್ಸ್. ಅದನ್ನು ಬಿಟ್ಟುಕೊಟ್ಟವರು ಆರು ತಿಂಗಳು ಹಾಲಿನ ಮೆಟ್ಟಿಲು ಹತ್ತುವಂತಿಲ್ಲ.

ಈಗ ದರ್ಜಿಯ ಹೆಸರಿನಲ್ಲಿ ಲೈಸೆನ್ಸ್ ಬಿಟ್ಟುಕೊಡುವ ಅರ್ಜಿಯೊಂದು ಬಂದು, ಮೊಹರೂ ಬಿದ್ದಿತ್ತು.

“ವಾರಕ್ಕೆ ಇದೊಂದು ಮಧ್ಯಾಹ್ನ ನಂದು ಅಕ್ಕ. ಇದೂ ಹೋದ್ರೆ ನನಗೆ ಹುಚ್ಚು ಹಿಡಿಯುತ್ತೆ,” ಎಂದಳು ದರ್ಜಿ. ಗಂಡ ಹಡಗಿನ ಕೆಲಸದಲ್ಲಿದ್ದ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಶನಿವಾರ ಅದೇ ಮನೆಯಲ್ಲಿದ್ದ ನಾದಿನಿ ಅತ್ತೆಯನ್ನು ನೋಡಿಕೊಂಡು ಇವಳನ್ನು ಕಳಿಸುತ್ತಿದ್ದಳು. ಭಾನುವಾರ ಇವಳು ಮನೆಯಲ್ಲಿ, ನಾದಿನಿ ಇಲ್ಲಿಯ ಅಂಚೆ ಮೇಜಿನಲ್ಲಿ. ನಾದಿನಿಗೆ ಈಚೆಗೆ ಮಂತ್ರಿಗಿರಿಯ ಮಾತೂ ಬಂದಿತ್ತಂತೆ, ಆದರೆ ಮಂತ್ರಿಯಾದವರು ಎರಡೂ ದಿನ ಬರಬೇಕಲ್ಲ ಎಂದು ಅದು ಅಲ್ಲಿಗೇ ನಿಂತಿತ್ತು.

ಗುಮಾಸ್ತೆ ತನ್ನ ಮಾವನನ್ನು ಕರೆದಳು. ನಲವತ್ತು ವರ್ಷ ಔಷಧದ ಅಂಗಡಿಯಲ್ಲಿ ಡಾಕ್ಟರುಗಳ ಕೋಳಿಕಾಲು ಅಕ್ಷರ ಓದಿದ ಅವರೇ ಆ ರಾಜ್ಯದ ಏಕೈಕ ಪತ್ತೇದಾರ. ಮಂಡಿನೋವಿಗೆ ಗೊಣಗುತ್ತ ಸ್ಟೂಲಿನ ಮೇಲೆ ಕೂತು ಅರ್ಜಿಯನ್ನು ಕಣ್ಣಿನ ಹತ್ತಿರ ಹಿಡಿದರು.

“ಮೊಹರು ಯಾವತ್ತು ಬಿತ್ತು?”

“ಹೋದ ಭಾನುವಾರ,” ಎಂದರು ಲೈಸೆನ್ಸ್ ಅಧಿಕಾರಿ. “ಗುಮಾಸ್ತೆಗೆ ಜ್ವರ, ನಾನೊಬ್ಬನೇ ಇದ್ದೆ. ಡಬ್ಬಿಯಲ್ಲಿ ಇಪ್ಪತ್ತು ಕಾಗದ. ಸಹಿ ಇತ್ತು, ಒತ್ತಿಬಿಟ್ಟೆ.”

ಎಲ್ಲರ ಕಣ್ಣೂ ಗುಂಡಿ ಅಂಗಡಿಯವರ ಮೇಲೆ ಬಿದ್ದವು. ಹೊಲಿಗೆ ಲೈಸೆನ್ಸಿಗೆ ಕಾಯುತ್ತಿದ್ದವರಲ್ಲಿ ಅವರೇ ಮೊದಲಿಗರು. ಎರಡೂ ದಿನ ಬಂದು ದರ್ಜಿಯ ಅಂಗಡಿಯ ಪಕ್ಕದಲ್ಲೇ ಕೂರುವವರು.

“ನನ್ನ ಮೇಲೆ ಗೂಬೆ ಕೂರಿಸ್ಬೇಡಿ!” ಎಂದು ಅವರು ಕೂಗಾಡಿದರು.

ಮಾವ ಎದ್ದು ದರ್ಜಿಯ ಅಂಗಡಿಗೆ ನಡೆದರು. ಅದರ ಮಡಚುವ ತಟ್ಟಿಗೋಡೆಗೆ ತೂಗಿದ್ದ ಲೈಸೆನ್ಸಿನಲ್ಲಿ ನಂಬರು ನಲವತ್ತೊಂದು ಎಂದಿತ್ತು, ಅರ್ಜಿಯಲ್ಲಿ ಹದಿನೇಳು.

“ಮಾವ, ಹದಿನೇಳು ಹಳೇದು,” ಎಂದು ಗುಮಾಸ್ತೆ ಪಿಸುಗುಟ್ಟಿದಳು. “ಮೂರು ವಾರದ ಹಿಂದೆ ನವೀಕರಣ ಆಯ್ತು. ಹಳೇದನ್ನ ಹರಿದು ಹಾಕ್ಬೇಕಿತ್ತು. ಮೊದಲನೇ ಲೈಸೆನ್ಸು, ನೆನಪಿಗಿರಲಿ ಅಂತ ಕೇಳಿದ್ಲು. ಕೊಟ್ಬಿಟ್ಟೆ.”

“ಎಲ್ಲಿಟ್ಟಿದೀಯಮ್ಮ ಅದನ್ನ?” ಎಂದು ಮಾವ ದರ್ಜಿಯನ್ನು ಕೇಳಿದರು.

“ಅಡುಗೆಮನೆ ಬೀರುವಿಗೆ ಅಂಟಿಸಿದೀನಿ.”

ಮಾವ ಅರ್ಜಿಯನ್ನು ಮಡಚಿ ಜೇಬಿಗಿಟ್ಟರು. “ನಾಳೆ ಎಲ್ಲರೂ ಇರಲಿ. ನೀನೂ ಅತ್ತೆ ಹತ್ರ ಪಕ್ಕದ ಮನೆಯವರನ್ನ ಕೂರಿಸಿ ಅರ್ಧ ಗಂಟೆ ಬಾ.”

ಭಾನುವಾರ ಹಾಲ್ ಜನರಿಂದ ತುಂಬಿತ್ತು. ಅತ್ತಿಗೆಯನ್ನು ಕಂಡ ನಾದಿನಿಯ ಮುಖ ಇಳಿದುಹೋಯಿತು.

“ಗುಂಡಿ ಅಂಗಡಿಯವರಿಗೆ ಲಾಭ ಇತ್ತು, ನಿಜ,” ಎಂದು ಮಾವ ಶುರು ಮಾಡಿದರು. “ಆದ್ರೆ ಅವರ ಕಣ್ಣೆದುರಿಗೇ ಇರೋದು ನಲವತ್ತೊಂದು. ನಮ್ಮ ರಿಜಿಸ್ಟರಿನಲ್ಲೂ ಅದೇ. ಇಲ್ಲಿಂದ ನಕಲು ಮಾಡಿದವರು ಯಾರೂ ಹದಿನೇಳು ಬರೆಯೋಲ್ಲ. ದರ್ಜಿ ಭಾನುವಾರ ಬರೋಲ್ಲ, ಹೊಸ ನಂಬರು ತಾನೇ ಕೈಯಾರೆ ತೂಗುಹಾಕಿದವಳು. ಭಾನುವಾರ ಅವಳ ಅಂಗಡಿ ಮಡಚಿರುತ್ತೆ, ಲೈಸೆನ್ಸು ಅದರೊಳಗೆ. ಹಾಗಾದ್ರೆ ಬರೀ ಭಾನುವಾರ ಬರೋರು, ದಿನಾ ಆ ಅಡುಗೆಮನೇಲಿ ಓಡಾಡೋರು, ಬೀರುವಿನ ಮೇಲಿರೋದೇ ಈಗಿನ ಲೈಸೆನ್ಸು ಅಂದ್ಕೊಂಡೋರು ಒಬ್ಬರೇ. ಶನಿವಾರ ಅತ್ತಿಗೆ ಮನೇಲಿದ್ರೆ, ಅವರು ಮಂತ್ರಿ ಆಗ್ಬಹುದು.”

ನಾದಿನಿ ಅಂಚೆ ಮೇಜು ಬಿಟ್ಟು ಎದ್ದುಬಂದಳು. “ಕೇಳೋಕೆ ಮುಖ ಇರ್ಲಿಲ್ಲ ಅತ್ತಿಗೆ. ನಿಮ್ಮದೂ ಒಂದೇ ದಿನ ಅಂತ ಗೊತ್ತಿತ್ತು. ಆದ್ರೂ ನನಗೆ ಒಂದು ದಿನ ಸಾಲ್ತಿರಲಿಲ್ಲ.”

“ಹಳೇ ಲೈಸೆನ್ಸ್ ಹೊರಗೆ ಕೊಟ್ಟವರು ಯಾರು?” ಎಂದರು ಅಧಿಕಾರಿ.

“ನಾನೇ,” ಎಂದಳು ಗುಮಾಸ್ತೆ. ಒಂದು ತಿಂಗಳು ಅಮಾನತು ಎಂದು ಅಲ್ಲೇ ತೀರ್ಪಾಯಿತು. ನಾಚಿಕೆಯಾಗಬೇಕಿತ್ತು, ನಾಲ್ಕು ಶನಿವಾರ, ಭಾನುವಾರ ಮಲಗಬಹುದಲ್ಲ ಎಂದು ಅವಳಿಗೆ ಖುಷಿಯೇ ಆಯಿತು.

“ಸುಳ್ಳು ಅರ್ಜಿಗೆ ಗಡಿಪಾರು,” ಎಂದರು ಅಧಿಕಾರಿ. “ದರ್ಜಿಯವರೇ, ಏನಾದ್ರೂ ಹೇಳೋದಿದ್ಯಾ?”

ದರ್ಜಿ ನಾದಿನಿಯತ್ತ ತಿರುಗಿದಳು. ಕಣ್ಣಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ.

“ಇವಳನ್ನ ಇಲ್ಲಿಂದ ಓಡಿಸಿದ್ರೆ ಏಳು ದಿನಾನೂ ಮನೇಲೇ ಇರ್ತಾಳೆ ಸ್ವಾಮಿ. ಆ ಮನೇಲಿ ಏಳು ದಿನ ಇರೋದು ಏನು ಅಂತ ನನಗೆ ಗೊತ್ತು. ಬೇಡ. ಭಾನುವಾರ ಅವಳಿಗೇ ಇರಲಿ. ಶನಿವಾರ ನನ್ನದು, ಅದಕ್ಕೆ ಕೈ ಹಾಕಬಾರದು, ಅಷ್ಟೇ.”

ಅರ್ಜಿ ರದ್ದಾಗಿ ಲೈಸೆನ್ಸ್ ಉಳಿದ ಮೇಲೆ ಅವಳು ಸೆರಗು ಸರಿಮಾಡಿಕೊಂಡು ಹೊರಟಳು. ಬಾಗಿಲಲ್ಲಿ ತಿರುಗಿ ನಾದಿನಿಗೆ ಹೇಳಿದಳು:

“ಸಂಜೆ ಬೇಗ ಬಾ. ಅಮ್ಮನ್ನ ಮಗ್ಗುಲು ತಿರುಗಿಸೋಕೆ ನನ್ನೊಬ್ಬಳ ಕೈಲಿ ಆಗೋಲ್ಲ.”